ಎರಡು ಗಂಟಿನ ದಾರ

ನಾನು ಹೋಗುವ ಮೊದಲೇ ಇಬ್ಬರು ಮೆಕ್ಯಾನಿಕ್‌ಗಳು ಅಣ್ಣನ ಕಾರನ್ನು ನೋಡಿ ಕೈ ಎತ್ತಿಬಿಟ್ಟಿದ್ದರು. ಟರ್ಬೊ ಕೂರಿಸಿದ್ದಾರೆ, ಇಂಜಿನ್ನಿನ ಕಂಪ್ಯೂಟರನ್ನೇ ಬದಲಾಯಿಸಿದ್ದಾರೆ, ಟ್ಯೂನ್ ಮಾಡಿದವರೇ ಇಲ್ಲದ ಮೇಲೆ ಇದು ಸ್ಟಾರ್ಟ್ ಆಗುವುದಿಲ್ಲ ಎಂದು ಇಬ್ಬರದೂ ಒಂದೇ ರಾಗ. ಟ್ಯೂನ್ ಮಾಡಿದ ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು.

"ಮಧ್ಯಾಹ್ನ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಒಂದ್ಸಲ ನೋಡ್ತೀಯಾ?" ಎಂದು ಅತ್ತಿಗೆ ಬೆಳಿಗ್ಗೆ ಫೋನಿನಲ್ಲಿ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಣ್ಣನೂ ನಾನೂ ಒಂದೇ ಗ್ಯಾರೇಜು ನಡೆಸಿದವರು. ಅವನದು ಇಂಜಿನ್, ಅದರ ಓಟ ಹೆಚ್ಚಿಸುವ ಟ್ಯೂನಿಂಗ್; ನನ್ನದು ವೈರಿಂಗ್. ಒಂಬತ್ತು ವರ್ಷದ ಹಿಂದೆ ಗಿರಾಕಿಗಳ ಎದುರಿಗೇ, "ಇವನ ಟ್ಯೂನಿಂಗ್ ಅಂದ್ರೆ ಇಂಜಿನ್ನಿಗೆ ಬೇಗ ಸಾವು" ಅಂದುಬಿಟ್ಟೆ. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಅಣ್ಣ ತನ್ನ ಸ್ಪಾನರ್‌ಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಮೊದಲು ಅವನೇ ಮಾತಾಡಲಿ ಎಂದು ನಾನು, ನಾನೇ ಮಾತಾಡಲಿ ಎಂದು ಅವನು. ಅವನನ್ನು ಮಣ್ಣು ಮಾಡುವ ದಿನವೂ ನಾನು ಹಿಂದೆ ನಿಂತಿದ್ದು ಹಾಗೇ ಬಂದುಬಿಟ್ಟೆ. ಆಮೇಲೆ ಗ್ಯಾರೇಜಿನಲ್ಲಿ ಒಬ್ಬನೇ ಕೂತು ಊಟ ಮಾಡುವುದು ಯಾಕೋ ಇನ್ನೂ ಕಷ್ಟವಾಯಿತು.

ಅವನ ಮನೆಯೆದುರು ನಿಂತಿದ್ದ ಕಾರಿನ ಬಾನೆಟ್ ಎತ್ತಿದೆ. ಪೈಪುಗಳೆಲ್ಲ ಅಳೆದು ಕತ್ತರಿಸಿದ್ದು, ಕ್ಲ್ಯಾಂಪುಗಳೆಲ್ಲ ಒಂದೇ ದಿಕ್ಕಿಗೆ. ಇಂಥ ಕೆಲಸವನ್ನು ಗುಜರಿಯವನು ಕೊಯ್ದು ಹಾಕುತ್ತಾನಲ್ಲ ಎಂದುಕೊಂಡು ತೋಳು ಮಡಿಸಿದೆ.

ಟ್ಯೂನ್ ಮಾಡಿದ ಗಾಡಿ ಎಂದ ತಕ್ಷಣ ಎಲ್ಲರೂ ಟ್ಯೂನಿಂಗನ್ನೇ ಬಯ್ಯುತ್ತಾರೆ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಅದಕ್ಕೇ ಈ ಸಲ ಮೊದಲಿನಿಂದ ನೋಡಿದೆ. ಒಂದು ವರ್ಷದಿಂದ ನಿಂತಿದ್ದ ಗಾಡಿ. ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕಿದೆ, ನನ್ನ ಬ್ಯಾಟರಿ ಕೂರಿಸಿದೆ. ಕೀಲಿ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ಚೆನ್ನಾಗಿತ್ತು. ಹಾಗಾದರೆ ಪೆಟ್ರೋಲ್. ಮತ್ತೆ ಕೀಲಿ ತಿರುಗಿಸಿ ಹಿಂದಿನ ಸೀಟಿಗೆ ಕಿವಿ ಇಟ್ಟೆ. ಅದರ ಕೆಳಗೆ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಗುಂಯ್ ಎನ್ನಬೇಕಿತ್ತು, ಎನ್ನಲಿಲ್ಲ. ಫ್ಯೂಸ್ ಸರಿ, ಪಂಪಿಗೆ ಕರೆಂಟು ಬಿಡುವ ರಿಲೇ ಸರಿ. ರಿಲೇಯಿಂದ ಕರೆಂಟು ಹೊರಡುತ್ತಿತ್ತು, ಪಂಪಿಗೆ ಬಂದು ಮುಟ್ಟುತ್ತಿರಲಿಲ್ಲ.

ಮಧ್ಯೆ ಎಲ್ಲೋ ತುಂಡಾಗಿದೆ. ಬಾಗಿಲ ಬುಡದ ಕಾರ್ಪೆಟ್ ಎತ್ತಿ, ವೈರಿನ ಮೇಲೆ ಬೆರಳಾಡಿಸುತ್ತಾ ಹೋದೆ. ಡ್ರೈವರ್ ಸೀಟಿನ ಕೆಳಗೆ ಬೆರಳಿಗೆ ಏನೋ ತಗುಲಿತು. ದಾರ. ಅದರಲ್ಲಿ ಎರಡು ಗಂಟು.

ಅದು ನನ್ನ ಪದ್ಧತಿ. ಗಾಡಿಗೆ ನಾವಾಗಿ ಸೇರಿಸಿದ ವೈರು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಲಿ ಎಂದು ಅಲ್ಲೊಂದು ದಾರ ಸುತ್ತಿ ಎರಡು ಗಂಟು ಹಾಕುತ್ತಿದ್ದೆ. "ಮಗೂಗೆ ರಿಬ್ಬನ್ ಕಟ್ಟಿದಂಗಿದೆ" ಎಂದು ಅಣ್ಣ ಇಡೀ ಗ್ಯಾರೇಜಿಗೆ ಕೇಳುವಂತೆ ನಗುತ್ತಿದ್ದ. ಅವನು ಇದನ್ನು ಒಮ್ಮೆಯೂ ಕಟ್ಟಿದವನಲ್ಲ.

ದಾರದ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ಚಿತ್ತು. ಗಾಡಿಯನ್ನು ಯಾರೂ ಕದ್ದೊಯ್ಯದಂತೆ ಪಂಪನ್ನು ನಿಲ್ಲಿಸುವ ಗುಟ್ಟಿನ ಸ್ವಿಚ್ಚು. ಆಫ್ ಆಗಿತ್ತು. ಒತ್ತಿದೆ. ಪಂಪು ಗುಂಯ್ ಎಂದಿತು. ಸ್ವಲ್ಪ ಸತಾಯಿಸಿ ಇಂಜಿನ್ ಹತ್ತಿಕೊಂಡು, ಬೀದಿಗೆಲ್ಲ ಕೇಳುವಂತೆ ಗುಡುಗಿತು.

ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಏನಾಗಿತ್ತು?"

"ಏನೂ ಆಗಿರಲಿಲ್ಲ ಅತ್ತಿಗೆ. ಸೀಟಿನ ಕೆಳಗೊಂದು ಸ್ವಿಚ್ಚಿದೆ, ಯಾರೋ ಆಫ್ ಮಾಡಿದಾರೆ. ಕೊನೇಲಿ ಯಾರು ಕೂತಿದ್ರು ಇದ್ರಲ್ಲಿ?"

"ಅವರೇ. ಹೋದ ವರ್ಷ ಒಂದಿನ ಹೊರಗೆ ಹೋಗಿ ಬಂದು, ಗಾಡಿ ನಿಲ್ಲಿಸಿ, ಒಳಗೇ ತುಂಬಾ ಹೊತ್ತು ಕೂತಿದ್ರು. ಆಮೇಲೆ ಮನೆಯೊಳಗೆ ಬಂದು, ಗಾಡಿ ಸ್ಟಾರ್ಟ್ ಆಗ್ತಿಲ್ಲ, ತಮ್ಮಂಗೆ ಫೋನ್ ಮಾಡು ಅಂದ್ರು. ಮಾಡಿದ್ನಲ್ಲ ನಿಂಗೆ."

ಮಾಡಿದ್ದರು. "ಅಷ್ಟು ದೊಡ್ಡ ಟ್ಯೂನರ್ ಅಲ್ವಾ, ಅವನೇ ನೋಡ್ಕೊಳ್ಲಿ ಬಿಡಿ ಅತ್ತಿಗೆ" ಎಂದು ನಾನು ಫೋನ್ ಇಟ್ಟಿದ್ದೆ. ಆ ದಿನ ಗೆದ್ದೆ ಎಂದುಕೊಂಡು ಖುಷಿಪಟ್ಟಿದ್ದೆ ಕೂಡ.

"ನಾನು ಹಂಗಂದಿದ್ದು ಅಣ್ಣಂಗೆ ಹೇಳಿದ್ರಾ?"

"ಹೇಳಿದೆ. ನಕ್ಕರು. ಬರ್ತಾನೆ ಬಿಡು ಅಂದ್ರು. ಆಮೇಲೆ ಬೇರೆ ಮೆಕ್ಯಾನಿಕ್ ಕರೆಯೋಕೂ ಬಿಡ್ಲಿಲ್ಲ, ತಾವೂ ಕೈ ಹಾಕ್ಲಿಲ್ಲ. ಏನು ಹಟವೋ."

ನಾನು ಸ್ಟಿಯರಿಂಗ್ ಹಿಡಿದುಕೊಂಡು ಅವನ ಸೀಟಿನಲ್ಲಿ ಕೂತೆ. ಅವನು ಮೊದಲು ಮಾತಾಡಿದ್ದ. ನನ್ನ ಗಂಟು ಕಟ್ಟಿ, ತಾನೇ ಸ್ವಿಚ್ಚು ಆಫ್ ಮಾಡಿ, ನನಗೆ ಮಾತ್ರ ಅರ್ಥವಾಗುವ ಹಾಗೆ ಮಾತಾಡಿದ್ದ, ನಾನು ಬಂದು ಕೈಯಾಡಿಸಲಿಲ್ಲ ಅಷ್ಟೇ. ಅಳು ಬಂತು, ತಡೆಯಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.

ಅತ್ತಿಗೆ ಕಿಟಕಿಯ ಹತ್ತಿರ ಬಗ್ಗಿದರು. "ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ. ಸ್ಟಾರ್ಟ್ ಆಯ್ತಲ್ಲ, ಇನ್ನು ಆಫ್ ಮಾಡು. ಸುಮ್ನೆ ಪೆಟ್ರೋಲ್ ಯಾಕೆ ಸುಡ್ತೀಯ?"

"ಸ್ವಲ್ಪ ಹೊತ್ತು ಇರಲಿ ಅತ್ತಿಗೆ," ಎಂದೆ. "ಬಂದಿದೀನಲ್ಲ."