ಅಕ್ಕನ ಮೇಲೊಂದು ದೂರು

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆ ಮಾತು ಜೋಡಿಸಿದ್ದ ಟೆಲಿಫೋನಮ್ಮನಿಗೆ, ತನ್ನ ಮನೆಯ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಜೋಡಿಸಲು ಲೈಸೆನ್ಸ್ ಬೇಕಾಯಿತು. ಹೊಸ ಕಾನೂನು. ಅದಿಲ್ಲದಿದ್ದರೆ ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರಿನಲ್ಲಿದ್ದ ಅಕ್ಕನ ಮುಖ ಕಾಣುವಂತಿರಲಿಲ್ಲ. ಅಕ್ಕನಿಗೆ ಕಿವಿ ಕೇಳದು. ದಿನಾ ಸಂಜೆ ಪರದೆಯಲ್ಲಿ ತಂಗಿಯ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು.

ಲೈಸೆನ್ಸ್ ಕಚೇರಿಯಲ್ಲಿ ಪರೀಕ್ಷೆ. ಟೆಲಿಫೋನಮ್ಮ ಕೇಳುವ ಮೊದಲೇ ಮೇಲ್ವಿಚಾರಕಿ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಳು. ‘ಗೊತ್ತಿಲ್ಲದ ವಿಳಾಸದಿಂದ, ನಾನು ನಿಮ್ಮ ಬಂಧು, ಕೆಳಗೆ ಒತ್ತಿ ಎಂದು ಪತ್ರ ಬಂದರೆ?’ ಎಂದಿತ್ತು ಪ್ರಶ್ನೆ.

"ನಿಜವಾಗ್ಲೂ ಬಂಧುವೇ ಆಗಿದ್ರೆ ಏನಮ್ಮಾ ಮಾಡೋದು?"

"ಪರೀಕ್ಷೇಲಿ ಬಂಧುಗಳು ಇರಲ್ಲ ಅಜ್ಜಿ."

ಟೆಲಿಫೋನಮ್ಮ ಅರೆಮನಸ್ಸಿನಿಂದ ‘ಅಳಿಸಿ, ದೂರು ಕೊಡಿ’ ಎಂಬುದನ್ನು ಒತ್ತಿದಳು. ಪಾಸಾದಳು.

ಮೂರನೆಯ ದಿನ ಒಂದು ಪತ್ರ ಬಂತು. ಕಳಿಸಿದವರ ಹೆಸರಿರಲಿಲ್ಲ, ಬರೀ ಹನ್ನೆರಡು ಅಂಕಿ. ‘ನಾನೇ ಕಣೇ, ಅಕ್ಕ. ಕೆಳಗೆ ಒತ್ತು, ಮುಖ ತೋರಿಸು.’ ಓದುತ್ತಲೇ ಅವಳ ಎದೆ ಹಿಗ್ಗಿತು, ಮರುಕ್ಷಣವೇ ಕುಗ್ಗಿತು. ಥೇಟ್ ಪರೀಕ್ಷೆಯ ಪತ್ರ! ಅಕ್ಕನಾ? ಕಳ್ಳರಾ? ಕನ್ನಡಕ ಒರೆಸಿ ನಾಲ್ಕು ಸಲ ಓದಿದಳು. ಕೊನೆಗೆ ಕಲಿತದ್ದನ್ನೇ ಮಾಡಿದಳು.

ವಾರ ಕಳೆದ ಮೇಲೆ ಅಕ್ಕನೇ ಕೈಯಲ್ಲೊಂದು ನೋಟೀಸು ಹಿಡಿದು ಬಾಗಿಲಿಗೆ ಬಂದಳು.

"ಲೈಸೆನ್ಸ್ ಸಿಕ್ಕಿ ಎರಡು ದಿನ ಆಗಿರ್ಲಿಲ್ಲ, ಕಿತ್ಕೊಂಡ್ರು ಕಣೇ! ಅವರು ಕೊಟ್ಟ ಹೊಸ ನಂಬರಿಂದ ನಿನಗೊಂದು ಪತ್ರ ಬರೆದಿದ್ದೆ, ಅಷ್ಟೇ. ಯಾವಳೋ ಪುಣ್ಯಾತ್ಗಿತ್ತಿ ದೂರು ಕೊಟ್ಟಿದ್ದಾಳೆ. ನಾನು ಕಳ್ಳಿಯಂತೆ!"

"ಆ ಪುಣ್ಯಾತ್ಗಿತ್ತಿ ನಾನೇ ಅಕ್ಕಾ."

ಅಕ್ಕ ತಂಗಿಯ ತುಟಿಯನ್ನೇ ನೋಡಿದಳು, ತಾನು ಹಿಡಿದ ಮಾತು ಸರಿಯೋ ತಪ್ಪೋ ತಿಳಿಯದೆ. "ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದ ಮೇಲೆ ಅಕ್ಕ ತಂಗಿಯ ಕೈ ಹಿಡಿದು ಸೀದಾ ಲೈಸೆನ್ಸ್ ಕಚೇರಿಗೆ ಎಳೆದುಕೊಂಡು ಹೋದಳು.

ಅಲ್ಲಿ ಅದೇ ಮೇಲ್ವಿಚಾರಕಿ. ಇಬ್ಬರಿಗೂ ಕುರ್ಚಿ ಎಳೆದು ಹಾಕಿದಳು. "ದೂರು ವಾಪಸ್ ತಗೋಬೇಕಾದ್ರೆ, ಇವರು ನಿಮ್ಮ ಅಕ್ಕ ಅನ್ನೋದಕ್ಕೆ ಆಧಾರ ಬೇಕು ಅಜ್ಜಿ."

"ನಾನೇ ಹೇಳ್ತಿದ್ದೀನಲ್ಲಮ್ಮಾ!"

"ಪತ್ರ ಬಂದಾಗ ನೀವೇ ನಂಬಲಿಲ್ಲವಲ್ಲ."

ಟೆಲಿಫೋನಮ್ಮ ಅಕ್ಕನ ನೋಟೀಸನ್ನು ತಿರುಗಿಸಿ ನೋಡಿದಳು. ಹೇಳಿಕೊಟ್ಟ ಪಾಠ ತಪ್ಪೋ, ತಾನು ಕಲಿತದ್ದು ತಪ್ಪೋ?

"ಏನಂತೆ?" ಅಕ್ಕ ಕೇಳಿದಳು.

"ನಾವಿಬ್ರೂ ಅಕ್ಕತಂಗೀರು ಅನ್ನೋದಕ್ಕೆ ಗುರುತು ಬೇಕಂತೆ."

"ಅಷ್ಟೇನಾ?" ಅಕ್ಕ ತೋಳು ಮೇಲೆ ಸರಿಸಿದಳು. "ನೋಡಮ್ಮ, ಮೂರು ವರ್ಷದವಳಿದ್ದಾಗ ಈ ಮಹಾತಾಯಿ ಕಚ್ಚಿದ್ದು. ಆಗಿನಿಂದ್ಲೂ ಇವಳದು ಇದೇ ಬುದ್ಧಿ."

ಮೇಲ್ವಿಚಾರಕಿ ಆ ಕಲೆಯನ್ನು ನೋಡಿದಳು, ಅರ್ಜಿಯನ್ನು ನೋಡಿದಳು. ಆಮೇಲೆ ಆಧಾರದ ಕಾಲಮ್ಮಿನಲ್ಲಿ ‘ಹಲ್ಲಿನ ಗುರುತು’ ಎಂದು ಬರೆದಳು.

"ಇದು ನಡೆಯುತ್ತೇನಮ್ಮಾ?" ಟೆಲಿಫೋನಮ್ಮ ಕೇಳಿದಳು.

"ನನಗೂ ಗೊತ್ತಿಲ್ಲ ಅಜ್ಜಿ. ಹೀಗೆ ಬರೀಬಾರದು ಅಂತ ಎಲ್ಲೂ ಹೇಳಿಲ್ಲ," ಎಂದು ಆಕೆ ಮೊಹರು ಒತ್ತಿದಳು.