ವಾರಸುದಾರಳ ಸಹಿ

ವಾರಿಜಾಕ್ಷಿಗೆ ಕೋರ್ಟು ಸಾಕುಸಾಕಾಗಿ ಹೋಗಿತ್ತು. ತಮ್ಮ ಪ್ರೇಮನಾಥ ಕುಂಬ್ರದಲ್ಲಿ ತನ್ನದೇ ಅಡಿಕೆ ಅಂಗಡಿಯ ಎದುರು ಪೆಟ್ಟು ತಿಂದು ಸತ್ತಂದಿನಿಂದ ಪುತ್ತೂರಿನ ಕೋರ್ಟಿನ ಒಂದೇ ಒಂದು ವಾಯಿದೆಯನ್ನೂ ಅವಳು ತಪ್ಪಿಸಿದವಳಲ್ಲ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಹೇಳಿದ್ದನ್ನು ಕೇಳಿಯೂ ಹೋಗುವವರು ಹೋಗುತ್ತಲೇ ಇರುತ್ತಾರೆ. ಇವಳೂ ಹೋದಳು. ಮೊಣಕಾಲು ನೋವು ಬಂತು, ಬಿ.ಪಿ. ಮಾತ್ರೆ ಬಂತು, ಕೊನೆಗೊಂದು ದಿನ ತೀರ್ಪೂ ಬಂತು.

ಹೊಡೆದವನು ಅಶ್ವಿತ್, ಅಂಗಡಿಯಲ್ಲಿ ತಮ್ಮನ ಪಾಲುದಾರ. ತಪ್ಪಿತಸ್ಥ ಹೌದು, ಕೊಲೆಗಾರ ಅಲ್ಲ ಎಂದಾಯಿತು. ಕೊಲ್ಲಬೇಕೆಂದು ಮೊದಲೇ ಮನಸ್ಸು ಮಾಡಿದ್ದಕ್ಕೆ ಸಾಕ್ಷಿ ಇಲ್ಲ. ಮಾತಿಗೆ ಮಾತು ಬೆಳೆದು ಒಮ್ಮೆಲೇ ಆದ ಜಗಳ. ಶಿಕ್ಷೆ ಐದು ವರ್ಷ. ವಿಚಾರಣೆ ನಡೆಯುವಾಗ ಜೈಲಿನಲ್ಲಿ ಕೂತದ್ದೆಲ್ಲ ಅದರಲ್ಲೇ ವಜಾ. ಇನ್ನೊಂದು ಮಳೆಗಾಲ ಕಳೆದರೆ ಅವನು ಕುಂಬ್ರದ ಪೇಟೆಯಲ್ಲಿ ಬೀಡ ಜಗಿಯುತ್ತ ನಿಲ್ಲಬಹುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ವಾರಿಜಾಕ್ಷಿಗೆ ಹೊಟ್ಟೆ ಉರಿಯಿತು.

"ಶಿಕ್ಷೆ ಕಡಿಮೆ ಆಯ್ತು, ಜಾಸ್ತಿ ಮಾಡಿ ಅಂತ ಮಾತ್ರ ಕೇಳುದಾದ್ರೆ ಅದು ಸರ್ಕಾರದ ಕೆಲಸ ಅಕ್ಕ," ಎಂದ ವಕೀಲ ಚಿನ್ಮಯ. "ಆದ್ರೆ ಕೊಲೆ ಅನ್ನಬೇಕಾದಲ್ಲಿ ಸಣ್ಣ ಅಪರಾಧ ಅಂದಿದ್ದಾರೆ ಅಂತ ಅಪೀಲು ಹಾಕ್ಲಿಕ್ಕೆ ನೊಂದವರಿಗೇ ಹಕ್ಕುಂಟು. ಸರ್ಕಾರವನ್ನು ಕಾಯ್ಬೇಕಂತ ಇಲ್ಲ. ಸೀದಾ ಹೈಕೋರ್ಟಿಗೆ."

"ಹಾಕು ಮಾರಾಯ. ಎಲ್ಲಿ ಸೈನ್ ಮಾಡ್ಬೇಕು?"

ಚಿನ್ಮಯ ಪೆನ್ನು ಕೊಡಲಿಲ್ಲ. "ನಿಮ್ಮದಲ್ಲ ಅಕ್ಕ. ಸತ್ತವರ ವಾರಸುದಾರರದ್ದು ಬೇಕು. ಅವರ ಹೆಂಡತಿ ಇದ್ದಾರಲ್ಲ? ನೀವು ಹಾಕಿದ್ರೆ, ಇವರು ಯಾರು ಅಂತ ಆಚೆ ಕಡೆಯ ವಕೀಲರು ಮೊದಲ ದಿನವೇ ಪ್ರಶ್ನೆ ಎಬ್ಬಿಸ್ತಾರೆ."

ಇವರು ಯಾರು! ಬಂಟರ ಮನೆಯ ಹೆಣ್ಣಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಡ. ಅಳಿಯಕಟ್ಟಿನಲ್ಲಿ ಗಂಡಸು ಸೇರುವುದು ತಾಯಿಯ ಮನೆಗೆ, ತಾಯಿ ಹೋದ ಮೇಲೆ ಅಕ್ಕನ ಮನೆಗೆ. ಹೆಂಡತಿ ಬೇರೆ ಮನೆಯವಳು. ಗಂಡ ಸತ್ತರೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ ತನ್ನ ತಾಯಿಮನೆಗೆ ಹೊರಡುವವಳು. ತಮ್ಮನ ಹೆಂಡತಿ ಪ್ರೀತಿಕಾ ಹಾಗೆಯೇ ರಾಮಕುಂಜದ ತಾಯಿಮನೆಗೆ ಹೋಗಿದ್ದಳು. ಇವಳು ಕರೆಯಲಿಲ್ಲ, ಅವಳು ಬರಲೂ ಇಲ್ಲ. ಹೆಂಡತಿಗೂ ಹಕ್ಕು ಕೊಟ್ಟು ಕಾನೂನು ಬದಲಾಗಿ ಯಾವ ಕಾಲವಾಯಿತೋ. ಆಸ್ತಿಯ ಪಾಲು ಬಂದಾಗ ಅದು ನಮ್ಮವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ದುಃಖದ ಪಾಲು ಬಂದಾಗ ಮಾತ್ರ ಹಳೆಯ ಕಟ್ಟೇ ಕಟ್ಟು.

ಮರುದಿನ ವಾರಿಜಾಕ್ಷಿ ರಾಮಕುಂಜಕ್ಕೆಂದು ಕಡಬದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿದಳು. ಒಂದೂ ಸರಿ ಕಾಣಲಿಲ್ಲ.

ಪ್ರೀತಿಕಾ ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಕರೆದು, ಬೆಲ್ಲ ನೀರು ತಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳಿಗೂ ವಯಸ್ಸಾಗುತ್ತದೆಂದು ವಾರಿಜಾಕ್ಷಿ ಯಾಕೋ ಯೋಚಿಸಿಯೇ ಇರಲಿಲ್ಲ.

"ಅಪೀಲಿಗೆ ನಿನ್ನ ಸೈನ್ ಬೇಕಂತೆ," ಎಂದು ವಾರಿಜಾಕ್ಷಿ ಕಾಗದ, ಪೆನ್ನು ಮುಂದಿಟ್ಟಳು. ಜೋಡಿಸಿಕೊಂಡು ಬಂದ ಮಾತೆಲ್ಲ ಅಷ್ಟರಲ್ಲೇ ಮುಗಿಯಿತು.

"ಜಡ್ಜು ಎಂತ ಹೇಳಿದ್ರು ಅಕ್ಕ?" ಪ್ರೀತಿಕಾ ಪೆನ್ನು ಎತ್ತಿಕೊಂಡು ಕೇಳಿದಳು.

"ಒಮ್ಮೆಲೇ ಆದ ಜಗಳವಂತೆ. ಮೊದಲೇ ಕೊಲ್ಲುವ ಮನಸ್ಸಿದ್ದದ್ದಕ್ಕೆ ಸಾಕ್ಷಿ ಇಲ್ಲವಂತೆ."

ಪ್ರೀತಿಕಾ ಪೆನ್ನು ಕೆಳಗಿಟ್ಟಳು. "ಒಮ್ಮೆಲೇ ಅಲ್ಲ. ಅವತ್ತು ನಾನು ಇಲ್ಲಿಗೆ ಬಂದಿದ್ದೆ. ಬೆಳಿಗ್ಗೆ ಅವರು ಫೋನ್ ಮಾಡಿದ್ರು. ಪಾಲುದಾರಿಕೆ ಬಿಡ್ತೇನೆ ಅಂದದ್ದಕ್ಕೆ ಅಶ್ವಿತ್, 'ಸಂಜೆ ಅಂಗಡಿಗೆ ಬಾ, ನಿನ್ನನ್ನು ಜೀವಸಹಿತ ಬಿಡುದಿಲ್ಲ' ಅಂದನಂತೆ. ಹೋಗ್ಬೇಡಿ ಅಂತ ಎಷ್ಟು ಹೇಳಿದೆ. ನೆಗಾಡಿದ್ರು."

ವಾರಿಜಾಕ್ಷಿ ಸಿಡುಕಿದಳು. "ಇದನ್ನು ಪೊಲೀಸರಿಗೆ ಹೇಳ್ಲಿಕ್ಕೆ ನಿಂಗೆಂತ ಧಾಡಿ? ಬಾಯಲ್ಲಿ ಕಡುಬು ಇತ್ತಾ?"

"ಹೇಳ್ಲಿಕ್ಕೇ ಹೊರಟಿದ್ದೆ." ಪ್ರೀತಿಕಾ ಸ್ವರ ಏರಿಸಲಿಲ್ಲ. "ಪೊಲೀಸರು ನಿಮ್ಮ ಮನೆಗೆ ಬಂದ ದಿನ ನಾನು ಒಳಗಿಂದ ಎದ್ದು ಚಾವಡಿಗೆ ಬಂದೆ. ನೀವು ಕೈ ಅಡ್ಡ ಹಿಡಿದ್ರಿ. 'ಅವಳಿಗೆಂತ ಗೊತ್ತುಂಟು, ಅವಳು ಬೇರೆ ಮನೆಯವಳು, ನನ್ನ ತಮ್ಮನ ವಿಷಯ ನನ್ನ ಹತ್ರ ಕೇಳಿ' ಅಂದ್ರಿ. ಅವರು ನನ್ನ ಹೆಸರೂ ಕೇಳದೆ ಹೋದ್ರು. ನೆನಪಿಲ್ವಾ?"

ನೆನಪಿತ್ತು. ಆ ಮಾತು ಹೇಳಿದಾಗ ಎದೆಯುಬ್ಬಿದ್ದೂ ನೆನಪಿತ್ತು. ಕೇಸು ಹಾಳು ಮಾಡಿದರೆಂದು ಅವಳು ಪೊಲೀಸರನ್ನು ಬೈದಿದ್ದಳು, ಸರ್ಕಾರಿ ವಕೀಲರನ್ನು ಬೈದಿದ್ದಳು, ಜಡ್ಜನ್ನೂ ಬಿಟ್ಟಿರಲಿಲ್ಲ. ಬೈಯಬೇಕಾದದ್ದು ತನ್ನನ್ನೇ, ಆ ತಾನು ಇಲ್ಲಿ ಬೆಲ್ಲ ತಿಂದುಕೊಂಡು ಕೂತಿದ್ದಳು. ಇಷ್ಟು ವರ್ಷ ಹತ್ತಿಳಿದ ಕೋರ್ಟಿನ ಆಯಾಸವೆಲ್ಲ ಒಟ್ಟಿಗೇ ಬಂದು ಮೈಮೇಲೆ ಬಿದ್ದಂತಾಯಿತು.

"ಈಗ ಹೇಳಿದ್ರೆ ಹೈಕೋರ್ಟಿನಲ್ಲಿ ಕೇಳ್ತಾರಾ?" ಪ್ರೀತಿಕಾ ಕೇಳಿದಳು.

ಸುಳ್ಳು ಹೇಳುವಷ್ಟು ತ್ರಾಣವೂ ವಾರಿಜಾಕ್ಷಿಯಲ್ಲಿ ಉಳಿದಿರಲಿಲ್ಲ. "ಕಷ್ಟ ಉಂಟು. ಅಲ್ಲಿ ನೋಡುದು ಇಲ್ಲಿ ಆದ ಸಾಕ್ಷಿಯನ್ನೇ. ಹೊಸತು ತೆಗೊಳ್ಳುದು ಅಪರೂಪಕ್ಕೆ. ಇಷ್ಟು ಸಮಯ ಎಲ್ಲಿದ್ದಿ ಅಂತ ಮೊದಲು ಕೇಳ್ತಾರೆ."

"ಕೇಳ್ಲಿ." ಪ್ರೀತಿಕಾ ಕಾಗದ ಎಳೆದುಕೊಂಡು ಸಹಿ ಹಾಕಿದಳು, ಮಸಿ ಆರಲೆಂದು ಒಮ್ಮೆ ಊದಿದಳು. "ಎಲ್ಲಿದ್ದೆ ಅಂತ ನೀವೇ ಬಂದು ಹೇಳ್ಬೇಕು ಅಕ್ಕ. ನಾನು ಹೇಳಿದ್ರೆ ನಂಬ್ಲಿಕ್ಕಿಲ್ಲ."

"ಹೇಳ್ತೇನೆ," ಎಂದಳು ವಾರಿಜಾಕ್ಷಿ. ಇಷ್ಟು ವರ್ಷಗಳಲ್ಲಿ ಕೋರ್ಟಿಗೆ ಹೋಗಲು ಅವಳಿಗೆ ಹೆದರಿಕೆಯಾದದ್ದು ಅದೇ ಮೊದಲು.