ಫಸ್ಟ್ ಕಾಪಿ

ಅಪ್ಪನ ಹತ್ತಿರ ಒಂಬತ್ತು ವಾಚುಗಳಿದ್ದವು. ಒಂಬತ್ತೂ ನಕಲಿ. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಯಾರಾದರೂ ಅವನ ಕೈ ನೋಡಿ, "ಏನ್ ಉಚ್ಚಂಗೆಪ್ಪಣ್ಣ, ಭಾರಿ ವಾಚು" ಅಂದರೆ, ಇನ್ನೊಂದು ಮಾತು ಬರುವ ಮೊದಲೇ "ಫಸ್ಟ್ ಕಾಪಿ" ಅನ್ನುತ್ತಿದ್ದ. ನಕಲಿಯಲ್ಲೂ ದರ್ಜೆಗಳಿವೆ. ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವುದು ಬರೀ ಡೂಪ್ಲಿಕೇಟು. ಅಸಲಿಯಷ್ಟೇ ತೂಕ, ಅಂಥದೇ ಗಾಜು, ಟಕ್ ಟಕ್ ಅನ್ನದೆ ಎಣ್ಣೆಯ ಮೇಲೆ ಜಾರಿದಂತೆ ಸಾಗುವ ಸೆಕೆಂಡ್ ಮುಳ್ಳು ಇದ್ದರೆ ಅದು ಫಸ್ಟ್ ಕಾಪಿ.

ಅಪ್ಪ ಜೀನ್ಸ್ ಹೊಲಿಯುವ ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಭಾನುವಾರ ಮಧ್ಯಾಹ್ನ ಉಗುರಿನ ಸಂದಿಯ ನೀಲಿ ಹೋಗುವವರೆಗೆ ಕೈ ತಿಕ್ಕಿ ತೊಳೆದು, ಬಿಳಿ ಟವೆಲ್ ಹಾಸಿ ವಾಚುಗಳನ್ನು ಸಾಲಾಗಿ ಮಲಗಿಸುತ್ತಿದ್ದ. ಹಿಂದಿನ ಮುಚ್ಚಳ ತಿರುವಿ ತೆಗೆದು, ಒಣಗಿದ ರಬ್ಬರ್ ರಿಂಗಿಗೆ ಗ್ರೀಸ್ ಸವರಿ, ಚೈನಿನ ಸಂದಿಯ ಬೆವರಿನ ಕೊಳೆಯನ್ನು ಹಳೆಯ ಬ್ರಷ್ಷಿನಿಂದ ಕೆದರುತ್ತಿದ್ದ. ಟಾರ್ಚ್ ಹಿಡಿಯುವುದು ನನ್ನ ಕೆಲಸ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲಾರದೆ ನಾನು ಏಳನೆಯದಕ್ಕೇ ಶಾಲೆ ಬಿಟ್ಟಿದ್ದೆ. ಟಾರ್ಚ್ ಹಿಡಿಯುವುದಕ್ಕೆ ಮಾತು ಬೇಕಿರಲಿಲ್ಲ.

"ಕೈ ಎರಡು, ಗಡಿಯಾರ ಒಂಬತ್ತು. ಒಂದನ್ನರ ನೋಡಿ ಹೊತ್ತಿಗೆ ಸರಿಯಾಗಿ ಮನಿಗೆ ಬರಂಗಿಲ್ಲ," ಎಂದು ಅವ್ವ ಒಳಗಿನಿಂದ ಚುಚ್ಚುತ್ತಿದ್ದಳು.

"ಅಸಲಿ ವಾಚಿಗೆ ನೋಡ್ಕೊಳ್ಳಾಕ ಕಂಪನಿ ಐತಿ ಊರಮ್ಮ. ಇವಕ್ಕ ನಾವ ತಾಯಿ, ನಾವ ತಂದಿ," ಅನ್ನುತ್ತಿದ್ದ ಅಪ್ಪ.

ನನ್ನನ್ನು ನೋಡಲು ಬಂದಿದ್ದ ಎರಡು ಕಡೆಯವರು, "ಹುಡುಗಿ ಮೂಗಿ ಏನ್ರಿ?" ಎಂದು ಕೇಳಿ ಎದ್ದು ಹೋಗಿದ್ದರು. ಮೂರನೆಯವರು ಕುರುಗೋಡಿನವರು. ಹುಡುಗ ಹುಲುಗೇಶ, ಪಂಪ್‌ಸೆಟ್ ರಿಪೇರಿ ಮಾಡುವವನು. ಅವನ ಅಪ್ಪ ಕೊಟ್ರಬಸಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಂದೂ ಎಲ್ಲರೂ ನನ್ನ ಬಾಯಿ ನೋಡುತ್ತಾ ಕೂತಿದ್ದರು. ಆಗ ಹುಲುಗೇಶನೇ, "ಬಿಡ್ರಿ, ಮಾತಾಡದಿದ್ರ ನಡೀತದ. ದಿನಾ ಮೋಟರ್ ಸದ್ದು ಕೇಳಿ ಕೇಳಿ ನನಗೂ ಅರ್ಧ ಕೇಳಂಗಿಲ್ಲ," ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಪರರ ಮುಂದೆ ನಗು ಬಂದದ್ದು ಎಷ್ಟು ಕಾಲದ ಮೇಲೋ.

ಸಂಬಂಧ ಗಟ್ಟಿಮಾಡುವ ಎಲೆ ಅಡಿಕೆ ಶಾಸ್ತ್ರದ ದಿನ ಹುಡುಗನ ಕೈಗೆ ವಾಚು ಕಟ್ಟುವುದು ನಮ್ಮಲ್ಲಿ ರೂಢಿ. ಅಂಗಡಿಯಿಂದ ತರೋಣ ಎಂದು ಅವ್ವ ಅಂದಳು. ಅಪ್ಪ ಒಪ್ಪಲಿಲ್ಲ. ಹಸಿರು ಮುಖದ, ಕೈ ಅಲುಗಾಟಕ್ಕೆ ತಾನೇ ಕೀಲಿ ತುಂಬಿಕೊಳ್ಳುವ ವಾಚನ್ನು ತೆಗೆದ. ಅದನ್ನು ಅವನು ತಾನೂ ಹೊರಗೆ ಕಟ್ಟಿಕೊಂಡು ಹೋದವನಲ್ಲ. ಶಾಸ್ತ್ರಕ್ಕೆ ಮುಂಚೆ ಬೀಗರನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದು, ಮೆಲ್ಲಗೆ, "ಬೀಗರ, ಮೊದ್ಲ ಹೇಳಿಬಿಡ್ತೀನಿ. ಇದು ಫಸ್ಟ್ ಕಾಪಿ," ಅಂದ.

ಕೊಟ್ರಬಸಪ್ಪನವರ ಮುಖ ಅರಳಿತು. "ಫಸ್ಟ್ ಕಾಪೀನ? ಮತ್ತಿನ್ನೇನು ಬೇಕ್ರಿ!" ಎಂದು ಅಪ್ಪನ ಕೈ ಹಿಡಿದುಕೊಂಡರು. ನಾನು ಒಳಗೆ ತಟ್ಟೆಗೆ ಉಂಡಿ ಜೋಡಿಸುತ್ತಿದ್ದೆ. ವಾಚಿನ ಬೆಲೆ ತಿಳಿದ ಮನುಷ್ಯ ಸಿಕ್ಕಿದನೆಂದು ಅಪ್ಪ ಆ ದಿನವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಕೊಟ್ರಬಸಪ್ಪ ಒಬ್ಬರೇ ಬಂದರು. ಕೊಟ್ಟ ನೀರು ಕುಡಿಯಲಿಲ್ಲ. ಕರವಸ್ತ್ರ ಬಿಚ್ಚಿ ಹಸಿರು ವಾಚನ್ನು ಚಾಪೆಯ ಮೇಲಿಟ್ಟರು.

"ಯಾಕ್ರಿ, ನಿಂತತೇನು?" ಅಪ್ಪ ಕೈ ಚಾಚಿದ. "ಕೊಡ್ರಿಲ್ಲಿ, ಕೀಲಿ ಸಾಲದು ಆಗಿರ್ತದ."

"ಅದು ನಿಂತಿಲ್ರಿ. ನಾನು ನಿಂತೀನಿ. ಗಿರಣಿಯಾಗ ತಲಿ ಎತ್ತಿ ಅಡ್ಡಾಡಾಕ ಆಗವಲ್ದು."

ನಡೆದದ್ದು ಇಷ್ಟು. ಬೀಗರು ಫಾರಿನ್ ವಾಚು ಕೊಟ್ಟರೆಂದು ಅವರು ಗಿರಣಿಯ ತುಂಬ ಹೇಳಿಕೊಂಡು ಬಂದಿದ್ದರು. ಧಣಿ ಚಿದಾನಂದಪ್ಪನವರಿಗೆ ತೋರಿಸಲೆಂದು ಮಗನ ಕೈಯಿಂದ ಬಿಚ್ಚಿಸಿ ಒಯ್ದಿದ್ದರು. ಧಣಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೊಟ್ರಬಸಪ್ಪ, ಇದು ಅಸಲಿ ಆಗಿದ್ರ ನಿನ್ನ ಬೀಗ ಈ ಗಿರಣೀನ ಕೊಂಡ್ಕೊಂತಿದ್ದ ನೋಡಪ," ಅಂದರಂತೆ. ಹಮಾಲರವರೆಗೆ ಎಲ್ಲರೂ ನಕ್ಕಿದ್ದರು. ಆಮೇಲೆ ದಿನವೂ ಹಮಾಲ ಮಾರೆಣ್ಣ ಚೀಲ ಹೊತ್ತುಕೊಂಡೇ, "ಟೈಮೆಷ್ಟ್ರಿ ಗುಮಾಸ್ತರ? ಚೈನಾದ್ದು ಹೇಳ್ರಿ," ಅನ್ನುತ್ತಿದ್ದ.

"ಅಸಲಿ ಅಂತ ನಂಬಿಸಿ ನಕಲಿ ಕಟ್ಟಿದ್ರಿ," ಅಂದರು ಕೊಟ್ರಬಸಪ್ಪ.

"ನಾನ್ಯಾವಾಗ ಅಸಲಿ ಅಂದೆ? ಕಟ್ಟೋದಕ್ಕ ಮುಂಚೆ ನಿಮ್ಮ ಕಿವ್ಯಾಗ ಹೇಳಿಲ್ಲೇನ್ರಿ, ಫಸ್ಟ್ ಕಾಪಿ ಅಂತ?"

"ಹೇಳಿದ್ರಿ! ಫಸ್ಟ್ ಕಾಪಿ ಅಂದ್ರ ಅಸಲಿ ಅಲ್ಲೇನು? ಗಿರಣಿಯಾಗ ದಿನಾ ಬಿಲ್ ಬರೆಯೋನು ನಾನು. ಮ್ಯಾಲಿನ ಬಿಳೀದು ಫಸ್ಟ್ ಕಾಪಿ, ಅದು ಪಾರ್ಟಿಗೆ. ಕೆಳಗಿನ ಗುಲಾಬಿ, ಹಳದಿ ಕಾರ್ಬನ್ನಿಂದು. ಫಸ್ಟ್ ಕಾಪಿ ಇಲ್ದ ಲಾರಿ ಗೇಟ್ ದಾಟಂಗಿಲ್ರಿ!"

ಅವ್ವನಿಗೆ ಫಕ್ಕನೆ ನಗು ಬಂದು ಸೆರಗು ಬಾಯಿಗೊತ್ತಿಕೊಂಡಳು. ಗಂಡಸರಿಬ್ಬರೂ ನಗಲಿಲ್ಲ. ಸುಳ್ಳು ಹೇಳಿದವರು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಬೈಯಲೂ ಯಾರೂ ಸಿಗದೆ ಇಬ್ಬರೂ ವಾಚನ್ನೇ ನೋಡುತ್ತಾ ಕೂತರು.

ಕಡೆಗೆ ಕೊಟ್ರಬಸಪ್ಪನವರೇ ದನಿ ತಗ್ಗಿಸಿದರು. "ನಿಮ್ಮ ಮಾತು ತಿಳೀತು. ಆದ್ರ ನಕ್ಕೋರಿಗೆ ಇದನ್ನ ಹೇಳಿದ್ರ ಇನ್ನಷ್ಟು ನಗ್ತಾರ. ಗುಮಾಸ್ತಗ ನಕಲು ಅಸಲು ತಿಳಿಯಂಗಿಲ್ಲ ಅಂತಾರ. ಇವತ್ತು ವಾಚು, ನಾಳೆ ಬಿಲ್ಲು ಅಂತಾರ. ನೀವು ಗಿರಣಿಗೆ ಬಂದು ಒಂದು ಮಾತು ಹೇಳಿಬಿಡ್ರಿ. ರೈಲಿನ್ಯಾಗ ಯಾವನೋ ಅಸಲಿ ಅಂತ ಹೇಳಿ ಕೊಟ್ಟ, ನನಗೇನು ಗೊತ್ತಾಗ್ತದ, ನಂಬಿದೆ ಅಂತ. ಮೋಸ ಹೋದೋರು ನೀವು ಅಂದ್ರ ಮಂದಿ ಪಾಪ ಅಂತಾರ. ಸಂಬಂಧಾನೂ ಉಳೀತದ. ಹುಲುಗೇಶಗೂ ನಿಜ ಹೇಳಬ್ಯಾಡ್ರಿ. ಅವ್ನ ಬಾಯಿ ಸಡ್ಲ, ನಾಳೆ ಊರ್ ತುಂಬ ಆಗ್ತದ."

ಅವರು ಹೋದ ಮೇಲೆ ಅಪ್ಪ ವಾಚನ್ನು ಎತ್ತಿಕೊಳ್ಳಲಿಲ್ಲ. ಯುನಿಟ್ಟಿನಲ್ಲಿ ಅವನನ್ನು ಕೇಳುವವರಿಲ್ಲ. ಓಣಿಯಲ್ಲಿ ಅವನ ಮಾತು ನಡೆಯುವುದಿಲ್ಲ. ಆದರೆ ವಾಚಿನ ವಿಷಯಕ್ಕೆ ಬಂದರೆ ಕೌಲ್ ಬಜಾರಿನ ರಿಪೇರಿ ಅಂಗಡಿಯವರೂ ಅವನ ಕೈಗೆ ಕೊಟ್ಟು, "ನೀನ ನೋಡಿ ಹೇಳಪ," ಅನ್ನುತ್ತಿದ್ದರು. ಅವನಿಗೆ ಇದ್ದದ್ದು ಅದೊಂದೇ.

"ಯವ್ವಾ," ಅಂದ ನನ್ನ ಕಡೆ ತಿರುಗದೆ. "ಆ ಹುಡುಗ ನಿನ್ನ ಮನಸ್ಸಿಗೆ ಬಂದಾನೇನು?"

ನಾನು ಹೂಂ ಎಂದು ತಲೆಯಾಡಿಸಿದೆ. ಅದು ನಿಜವಾಗಿತ್ತು.

"ಆತು ಬಿಡು," ಅಂದ.

ಸಿರುಗುಪ್ಪಕ್ಕೆ ನಾವಿಬ್ಬರೇ ಹೋದೆವು. ಧಣಿಯ ಮನೆಗೂ ಲಗ್ನದ ಮಾತು ಹೇಳಿ ಬರಲಿ ಎಂದು ಅವ್ವ ನನ್ನ ಕೈಗೆ ಸಿಹಿಯ ಡಬ್ಬಿ ಕೊಟ್ಟಿದ್ದಳು. ಗಿರಣಿಯ ಅಂಗಳದಲ್ಲಿ ತೌಡಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಹುಲುಗೇಶನೂ ಬಂದಿದ್ದ. ಚಿದಾನಂದಪ್ಪನವರು ಖುರ್ಚಿ ಹಾಕಿಸಿದರು. ಹಮಾಲರು ಚೀಲಗಳ ಮೇಲೆ ಕೂತು ಕಾಯುತ್ತಿದ್ದರು. ವಾಚು ಕೊಟ್ಟ ಬೀಗರು ಬರುತ್ತಾರೆಂಬ ಮಾತು ಮೊದಲೇ ಹರಡಿತ್ತು.

ಅಪ್ಪ ಹೇಳಿದ. ರೈಲು, ಯಾವನೋ ಒಬ್ಬ, ಕಷ್ಟದಲ್ಲಿದ್ದೀನಿ ಅಂದ, ಅಸಲಿ ಅಂದ. ಬಾಯಿಪಾಠ ಮಾಡಿಕೊಂಡು ಬಂದ ಹುಡುಗನಂತೆ ಒಂದೇ ಉಸಿರಿಗೆ ಹೇಳಿದ.

"ಅಲ್ಲೋ ಮಾರಾಯ, ಕೈಯಾಗ ಹಿಡಿದ್ರೂ ಗೊತ್ತಾಗ್ಲಿಲ್ಲೇನು?" ಅಂದರು ಧಣಿ.

"ನಮಗೇನ್ ಗೊತ್ತಾಗ್ತದ್ರಿ. ಟೈಮ್ ನೋಡಾಕ ಬರ್ತದ ಅಷ್ಟ."

ಮಾರೆಣ್ಣ ತೊಡೆ ತಟ್ಟಿ ನಕ್ಕ. ಧಣಿ ಕೆಟ್ಟವರಲ್ಲ. ಅಪ್ಪನನ್ನು ಹತ್ತಿರ ಕರೆದು, ಅವನು ತಂದಿದ್ದ ಹಸಿರು ವಾಚನ್ನು ಬೆಳಕಿಗೆ ಹಿಡಿದು, ಅಕ್ಷರದ ಅಂಚು ಹೇಗೆ ನೋಡಬೇಕು, ತಾರೀಕಿನ ಮೇಲಿನ ಗಾಜು ಎಷ್ಟು ದೊಡ್ಡದು ಮಾಡಿ ತೋರಿಸಬೇಕು ಎಂದೆಲ್ಲ ಬಿಡಿಸಿ ಹೇಳಿದರು. ಹೇಳಿದ್ದೆಲ್ಲ ಸರಿಯೇ ಇತ್ತು. ಅಪ್ಪ ಬಗ್ಗಿ ನಿಂತು, "ಹೌದ್ರಿ? ಹಂಗೇನ್ರಿ?" ಎಂದು ಮೊದಲ ಸಲ ಕೇಳುವವನಂತೆ ಕೇಳಿದ. ಒಂದು ಸಲ ಬೆರಳು ತಾನಾಗಿ ಕೀಲಿಯ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡು ಕೈ ಕಟ್ಟಿಕೊಂಡ.

ಕೊಟ್ರಬಸಪ್ಪ ಅಪ್ಪನ ಭುಜದ ಮೇಲೆ ಕೈ ಹಾಕಿ, "ನಮ್ಮ ಬೀಗರು ಮುಗ್ಧ ಮನುಷ್ಯಾರ್ರಿ," ಅಂದರು. ಅವರ ಕಣ್ಣು ನೆಲ ನೋಡುತ್ತಿತ್ತು. ಎಲ್ಲರಿಗೂ ಚಹಾ ಬಂತು. ಡಬ್ಬಿ ಬಿಚ್ಚಿ ಸಿಹಿ ಹಂಚಿದರು. ಲಗ್ನ ಸುಗ್ಗಿ ಮುಗಿದ ಮೇಲೆ ಎಂದು ಅಲ್ಲೇ ಮಾತಾಯಿತು.

ಬಸ್ಸಿಗೆಂದು ಹೊರಟಾಗ ಅಪ್ಪ ಮುಂದೆ ಮುಂದೆ ನಡೆದ. ಹುಲುಗೇಶ ನನ್ನ ಜೊತೆ ಗೇಟಿನವರೆಗೆ ಬಂದ. ಅವನ ಮುಖದಲ್ಲಿ ನಿರಾಳವಿತ್ತು. ಗಿರಣಿಯಲ್ಲಿ ಎಲ್ಲರೊಂದಿಗೆ ಅವನೂ ನಕ್ಕದ್ದನ್ನು ನಾನು ನೋಡಿದ್ದೆ. ಅದರಲ್ಲಿ ಕೆಡುಕಿರಲಿಲ್ಲ.

"ನಿಮ್ಮಪ್ಪ ಪಾಪ, ಹಾಲಿನಂಥ ಮನುಷ್ಯ," ಅಂದ. "ಯಾರ್ ಏನ್ ಹೇಳಿದ್ರೂ ನಂಬ್ತಾರ. ಇನ್ಮ್ಯಾಲೆ ವಾಚು ಗೀಚು ಏನರ ತಗೊಳ್ಳೋದಿದ್ರ ನನ್ನ ಕೇಳಂತ ಹೇಳು. ನಾ ಕೂಡ ಹೋಗ್ತೀನಿ. ನಾಕು ಮಂದಿ ಮುಂದ ಹಿಂಗ ಆಗಬಾರ್ದು."

ಅವನು ಉತ್ತರಕ್ಕೆ ಕಾದ. ಮೋಟರ್ ಸದ್ದಿಲ್ಲದ ಆ ರಸ್ತೆಯಲ್ಲಿ ನಾನು ಮಾತಾಡಿದ್ದರೆ ಅವನಿಗೆ ಪೂರ್ತಿ ಕೇಳುತ್ತಿತ್ತು. ನಿಜ ಹೇಳಿದರೆ ಅಪ್ಪ ನುಂಗಿದ ಅವಮಾನವೆಲ್ಲ ವ್ಯರ್ಥವಾಗುತ್ತಿತ್ತು.

"ಹೇಳ್ತೀನಿ," ಅಂದೆ.

ನಾನು ಅವನೊಡನೆ ಆಡಿದ ಮೊದಲ ಮಾತು ಅದು. ಅವನಿಗೆ ಖುಷಿಯಾಯಿತು.